ಕೃತಜ್ಞತೆಯ ಪುಟದಲ್ಲಿ ಜಾಗ ಸಿಗದವರಿಗೆ

ಕಳೆದ ವಾರ ನನ್ನ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ವಿಭಾಗ ವಾಣಿಜ್ಯ, ವಿಷಯ ಮುಂಬಯಿಯ ಸಹಕಾರಿ ಪತ್ತಿನ ಸಂಘಗಳ ಆಡಿಟ್‌ನಲ್ಲಿ ಸ್ಯಾಂಪಲ್ (ಎಲ್ಲವನ್ನೂ ನೋಡದೆ ಪರೀಕ್ಷೆಗೆ ಎತ್ತಿಕೊಳ್ಳುವ ಕೆಲವು ಲೆಕ್ಕಗಳು) ಆರಿಸುವ ಬಗೆ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ ಅಂತ ನನ್ನ ಮಗಳು ಹೇಳುತ್ತಾಳೆ. ಬರಲಿ. ಐವತ್ತು ದಾಟಿದ ಮೇಲೆ ಹೆಸರಿನ ಮುಂದೆ 'ಡಾ.' ಸೇರಿದ್ದಕ್ಕೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರು ಸೊಸೈಟಿ ಆಫೀಸಿನಲ್ಲಿ ಪೇಢಾ ಹಂಚಿದರು. ಮರುದಿನವೇ ಕೆಳಮನೆಯ ಆಜಿ ಮಂಡಿನೋವಿಗೆ ಔಷಧಿ ಕೇಳಲು ಬಂದರು.

ಪ್ರಬಂಧದಲ್ಲಿ ಕೃತಜ್ಞತೆಗೆ ಒಂದು ಪುಟವಿರುತ್ತದೆ. ಅದರ ಕ್ರಮವೂ ಮೊದಲೇ ನಿಗದಿಯಾದದ್ದು: ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಗ್ರಂಥಾಲಯ, ಕುಟುಂಬ. ಅವರಿಗೆಲ್ಲ ಅಲ್ಲಿ ಮನಸಾರೆ ವಂದಿಸಿದ್ದೇನೆ. ಆದರೆ ಕೆಲಸ ನಿಂತ ಜಾಗದಲ್ಲೆಲ್ಲ ಅದನ್ನು ಮುಂದೆ ತಳ್ಳಿದವರು ಹೆಚ್ಚಿನವರೂ ವಾಣಿಜ್ಯದ ಹೊರಗಿನವರು. ಒಬ್ಬರು ರಕ್ತದ ಗುಂಪು ನೋಡಿದವರು, ಒಬ್ಬರು ಹಳೇ ನಾಣ್ಯದ ಹುಚ್ಚಿನವರು, ಒಬ್ಬ ಫಿಸಿಕ್ಸ್ ಹುಡುಗ, ಒಬ್ಬರು ದಿನದ ಸಣ್ಣ ಉಳಿತಾಯದ ಹಣ ಎತ್ತುವ ಪಿಗ್ಮಿ ಕಲೆಕ್ಟರ್. ಇವರನ್ನು ಯಾವ ತಲೆಬರಹದ ಕೆಳಗೆ ಹಾಕುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸರ್. ಫೋರ್ಟ್‌ನ ಹಳೇ ಕಟ್ಟಡದಲ್ಲಿ ಅವರ ಆಡಿಟ್ ಆಫೀಸು. ಉಡುಪಿ ಕಡೆಯವರು. ಬಿ.ಕಾಂ. ಮುಗಿಸಿ ಮದುವೆಯಾಗಿ ಈ ಊರಿಗೆ ಬಂದ ನನಗೆ ವೌಚರ್, ಅಂದರೆ ಲೆಕ್ಕಕ್ಕೆ ಆಧಾರವಾದ ಚೀಟಿ, ನೋಡುವುದನ್ನು ಕಲಿಸಿದವರು ಅವರೇ. ಪಿಎಚ್‌ಡಿ ವಿಷಯ ಎತ್ತಿದಾಗ, "ಎಂತ ಮಾರಾಯ್ತಿ, ಈ ಪ್ರಾಯದಲ್ಲಿಯಾ? ಮಾಡು. ಆದ್ರೆ ಸೆಪ್ಟೆಂಬರಲ್ಲಿ ರಜೆ ಕೇಳ್ಬೇಡ" ಎಂದರು. ಟ್ಯಾಕ್ಸ್ ಆಡಿಟ್‌ನ ಗಡುವಿನ ತಿಂಗಳು ಅದು. ಉಳಿದ ತಿಂಗಳುಗಳ ಶನಿವಾರಗಳನ್ನು ನನಗೆ ಬಿಟ್ಟುಕೊಟ್ಟರು, ಸಂಬಳ ಹಿಡಿಯಲಿಲ್ಲ. ಅವರು ಮೊದಲ ದಿನಗಳಲ್ಲೇ ಹೇಳಿದ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು, ಮುಂದೆ ಬೇಕಾಗುತ್ತದೆ: ಲೆಕ್ಕದ ಪುಸ್ತಕದಿಂದ ವೌಚರಿಗೆ ಹೋದರೆ ಇಲ್ಲದ್ದನ್ನು ಬರೆದದ್ದು ಸಿಗುತ್ತದೆ, ವೌಚರಿನಿಂದ ಪುಸ್ತಕಕ್ಕೆ ಬಂದರೆ ಇದ್ದದ್ದನ್ನು ಬರೆಯದೆ ಬಿಟ್ಟದ್ದು ಸಿಗುತ್ತದೆ. ಎರಡೂ ದಾರಿ ನಡೆಯದೆ ಸಹಿ ಹಾಕಬಾರದು.

ಇನ್ನು ಅಕ್ಕ. ಧಾರವಾಡದವರು. ಪರೇಲ್‌ನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಒಂದು ಗಣಪತಿ ಹಬ್ಬದಲ್ಲಿ ಮೋದಕ ತಿನ್ನುತ್ತಾ 'ಬಾಂಬೆ ಬ್ಲಡ್ ಗ್ರೂಪ್' ಕತೆ ಹೇಳಿದರು. 1952ರಲ್ಲಿ ಇಲ್ಲೇ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಗುಂಪು ಅದು, 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮೆಲ್ಲರ ಕೆಂಪು ಕಣದ ಮೇಲೆ ಎಚ್ ಎಂಬ ವಸ್ತುವಿರುತ್ತದೆ. ಎ, ಬಿ ಎರಡೂ ತಯಾರಾಗುವುದು ಅದರ ಮೇಲೆ. ಓ ಗುಂಪಿನವರಲ್ಲಿ ಎಚ್ ಹಾಗೆಯೇ ಉಳಿದಿರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. ಕಣವನ್ನು ಮಾತ್ರ ಪರೀಕ್ಷಿಸಿದರೆ ಎ ಇಲ್ಲ, ಬಿ ಇಲ್ಲ, ಹಾಗಾದರೆ ಓ ಎಂದೇ ಕಾಣುತ್ತದೆ. ಅವರ ಸೀರಮ್ಮನ್ನು, ಅಂದರೆ ರಕ್ತದ ತಿಳಿ ದ್ರವವನ್ನು, ಓ ಕಣಗಳ ಜೊತೆ ಸೇರಿಸಿದಾಗ ಕಣಗಳು ಗಂಟುಗಟ್ಟುತ್ತವೆ, ಆಗ ಗುಟ್ಟು ಹೊರಬೀಳುತ್ತದೆ. "ಒಂದ ಕಡಿಯಿಂದ ನೋಡಿ ಓ ಅಂತ ಬರದು ಓ ರಕ್ತ ಕೊಟ್ರ, ಆ ಮನಷ್ಯಾನ ಜೀವಕ್ಕ ಕುತ್ತ ನೋಡವಾ. ಅದಕ್ಕ ಕಣಾನೂ ನೋಡ್ಬೇಕು, ಸೀರಮ್ಮೂ ನೋಡ್ಬೇಕು" ಎಂದರು ಅಕ್ಕ.

ನಮ್ಮ ಸರ್ ಹೇಳುವುದೂ ಇದನ್ನೇ ಅಲ್ಲವೇ ಅಂತ ನಾನು ವೌಚರ್ ಪುರಾಣ ಬಿಚ್ಚಿದೆ. ಅಕ್ಕ ಮೋದಕದ ತಟ್ಟೆ ಬದಿಗಿಟ್ಟು ಪ್ರಶ್ನೆ ಕೇಳತೊಡಗಿದರು. ನಮ್ಮ ಭಾನುವಾರದ ಚಹಾ ಶುರುವಾದದ್ದು ಹಾಗೆ.

ನನ್ನ ಅಂಕಿಗಳು ಕೈಕೊಟ್ಟದ್ದು ಮೂರನೇ ಅಧ್ಯಾಯದಲ್ಲಿ. ಪ್ರತಿ ಸಂಘದ ರಸೀದಿಗೂ ಪುಸ್ತಕಕ್ಕೂ ಇರುವ ವ್ಯತ್ಯಾಸಗಳನ್ನು ಎಣಿಸಿ ಸಾಲಾಗಿ ಇಟ್ಟಿದ್ದೆ. ಹೆಚ್ಚಿನ ಸಂಘಗಳು ನಡುವೆ ಬರುತ್ತವೆ, ಎರಡು ತುದಿಗಳಲ್ಲಿ ಕೆಲವು ಇರುತ್ತವೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಬಂದದ್ದು ಬೇರೆ. ಒಂದು ರಾಶಿಯಲ್ಲಿ ತಪ್ಪೇ ಇಲ್ಲದವು, ಇನ್ನೊಂದು ರಾಶಿಯಲ್ಲಿ ತಪ್ಪು ತುಂಬಿದವು, ನಡು ಖಾಲಿ. ಸಂಘದ ಬಂಡವಾಳದ ಪ್ರಕಾರ ವಿಂಗಡಿಸಿದೆ, ಆಡಿಟ್‌ನಲ್ಲಿ ಸಂಘಕ್ಕೆ ಸಿಕ್ಕ ವರ್ಗದ ಪ್ರಕಾರ ವಿಂಗಡಿಸಿದೆ. ನಡು ಖಾಲಿಯೇ ಉಳಿಯಿತು. ಡೇಟಾ ಸಾಲದು ಅಂತ ಹೇಳಿದವರಿದ್ದರು, ವಿಷಯ ಬದಲಿಸು ಅಂದವರೂ ಇದ್ದರು.

ಅಕ್ಕ ಕಾಗದ ನೋಡಿ ಕೇಳಿದ್ದು ಒಂದೇ: "ಎರಡ ಬ್ಯಾರೆ ಬ್ಯಾರೆ ಮಂದೀನ್ನ ಒಂದ ಲೆಕ್ಕದಾಗ ಕೂಡ್ಸೀ ಏನ ನೋಡು."

ಆಮೇಲೆ ನನ್ನದೇ ಪೆನ್ಸಿಲ್ ಇಸಿದುಕೊಂಡು ಪಾಠ ಮಾಡಿದರು. ಒಂದು ಜೀನಿಗೆ ಎರಡು ರೂಪಗಳಿವೆ ಅಂತ ಇಟ್ಟುಕೊಳ್ಳಿ. ಒಂದು ಜನಸಮುದಾಯದಲ್ಲಿ ಮೊದಲ ರೂಪ ನೂರಕ್ಕೆ 90, ಇನ್ನೊಂದರಲ್ಲಿ ನೂರಕ್ಕೆ 10. ಹಾರ್ಡಿ ಮತ್ತು ವೈನ್‌ಬರ್ಗ್ 1908ರಲ್ಲಿ ಕೊಟ್ಟ ಲೆಕ್ಕದಂತೆ, ಎರಡೂ ಕಡೆ ಮಿಶ್ರ ಜೋಡಿ (ಎರಡು ರೂಪಗಳಲ್ಲಿ ಒಂದೊಂದು) ಇರುವವರು ನೂರಕ್ಕೆ 18 ಮಂದಿ. ಈಗ ಈ ಎರಡು ಸಮುದಾಯಗಳನ್ನು ಸಮಸಮ ಕೂಡಿಸಿ ಒಂದೇ ಎಂದು ತಿಳಿದರೆ ಸರಾಸರಿ 50 ಆಗುತ್ತದೆ, ಆಗ ಮಿಶ್ರರು ನೂರಕ್ಕೆ 50 ಇರಬೇಕಿತ್ತು. ಎಣಿಸಿದರೆ ಸಿಗುವುದು ಅದೇ 18. ಉಳಿದ 32 ಮಂದಿ ಎಲ್ಲಿಗೂ ಹೋಗಿಲ್ಲ, ಅವರು ಇರಲೇ ಇಲ್ಲ. ಸ್ವೀಡನ್ನಿನ ವಾಲುಂಡ್ 1928ರಲ್ಲಿ ಇದನ್ನು ತೋರಿಸಿದ್ದರಿಂದ ಅವನ ಹೆಸರಿನಲ್ಲೇ ಕರೆಯುತ್ತಾರೆ. ನಡು ಖಾಲಿ ಕಂಡರೆ ಒಳಗೆ ಬೇರೆ ಬೇರೆ ಗುಂಪುಗಳಿವೆಯೇ ಅಂತ ಮೊದಲು ಕೇಳಬೇಕಂತೆ. ಮುಂಬಯಿಯಲ್ಲಿ ಹಾಗೆ ಕೇಳುವುದು ಹೊಸತೂ ಅಲ್ಲ. ಸಾಂಘ್ವಿ ಮತ್ತು ಖಾನೋಲ್ಕರ್ 1950ರ ಸುಮಾರಿಗೇ ಇಲ್ಲಿನ ಆರು ಒಳವಿವಾಹ ಗುಂಪುಗಳಲ್ಲಿ ಏಳು ಆನುವಂಶಿಕ ಲಕ್ಷಣಗಳನ್ನು ಬೇರೆ ಬೇರೆಯಾಗಿ ಅಳೆದಿದ್ದರು.

ಹಾಗಾದರೆ ನನ್ನ ಸಂಘಗಳೊಳಗಿನ ಎರಡು ಮಂದಿ ಯಾರು? ಉತ್ತರ ಆಫೀಸಿನ ಯಾವ ಫೈಲಿನಲ್ಲೂ ಇರಲಿಲ್ಲ. ಹಣ ಬರುವ ದಾರಿಯಲ್ಲಿತ್ತು. ನೌಕರರ ಸಂಘಗಳಲ್ಲಿ ಕಂತು ಸಂಬಳದಲ್ಲೇ ಕಡಿತವಾಗಿ ತಿಂಗಳಿಗೊಮ್ಮೆ ಒಂದೇ ಮೊತ್ತವಾಗಿ ಬರುತ್ತದೆ. ಬೀದಿಯ ಸಂಘಗಳಲ್ಲಿ ಕಲೆಕ್ಟರ್ ದಿನಾ ಅಂಗಡಿ ಅಂಗಡಿಗೆ ಹೋಗಿ ಪಿಗ್ಮಿ ಎತ್ತುತ್ತಾರೆ. ಇವನ್ನು ಬೇರೆ ಮಾಡಿದ್ದೇ ತಡ, ಎರಡೂ ತಮ್ಮ ತಮ್ಮೊಳಗೆ ನೇರವಾಗಿ ನಿಂತವು, ತಲಾ ಒಂದು ನಡು ಸಿಕ್ಕಿತು. ಸ್ಯಾಂಪಲ್ ಮಾಡುವ ಮೊದಲು ಪದರಗಳಾಗಿ ವಿಂಗಡಿಸಿಕೊಳ್ಳಬಹುದು ಎಂದು ಆಡಿಟ್ ಮಾನದಂಡ 530 ಹೇಳುತ್ತದೆ. ನಾವು ಸಾಮಾನ್ಯವಾಗಿ ಮೊತ್ತದ ಮೇಲೆ ವಿಂಗಡಿಸುತ್ತೇವೆ. ಮೊತ್ತಕ್ಕಿಂತ ಮೊದಲು ಹಣ ಯಾರ ಕೈಯಿಂದ ಬಂತು ಎಂದು ವಿಂಗಡಿಸಿ ಅನ್ನುವುದೇ ನನ್ನ ಇಡೀ ಪ್ರಬಂಧ. ಈ ಹೋಲಿಕೆಯ ಬಗ್ಗೆ ಅಕ್ಕ ಕೊಟ್ಟ ಎಚ್ಚರಿಕೆಯನ್ನೂ ಸೇರಿಸಿಬಿಡುತ್ತೇನೆ: "ಭಾಳ ದೂರ ಎಳೀಬ್ಯಾಡ ಮತ್ತ. ಜೀನು ಸುಳ್ಳು ಬರಿಯೂದಿಲ್ಲ, ಗುಮಾಸ್ತ ಬರೀತಾನ."

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ವಾಣಿಜ್ಯದ ಪ್ರಬಂಧದಲ್ಲಿ ಈ ವಾಲುಂಡ್ ಯಾರು ಎಂದು. ಬೋರ್ಡಿನ ಮೇಲೆ 90, 10, 18 ಬರೆದು ತೋರಿಸಿದೆ. ಹಿಂದಿನ ಸಾಲಿನಲ್ಲಿ ಅಕ್ಕ ಕೂತಿದ್ದರು, ಇಳಕಲ್ ಸೀರೆ ಉಟ್ಟುಕೊಂಡು.

ನಾಣ್ಯದವರು ಪುಣೆಯವರು. ಮಾಟುಂಗದ ಒಂದು ಕನ್ನಡ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ಪರಿಚಯವಾಯಿತು. ನನ್ನ ವಿಷಯ ಕೇಳಿ, ಹಾಗಾದರೆ ನಿಮಗೆ ಕೋಸಂಬಿ ಬೇಕು ಎಂದರು. ನಾನು ಇತಿಹಾಸದ ಕೋಸಂಬಿ ಎಂದುಕೊಂಡೆ. ಅವರೇ, ಆದರೆ ಬೇರೆ ಮುಖ. ಗೋವಾದಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಡಿ.ಡಿ. ಕೋಸಂಬಿ 1940ರ ಆಸುಪಾಸಿನಲ್ಲಿ ಹಳೇ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೂಗಿದರು. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ, ಸವೆತದಿಂದ ಅದು ಎಷ್ಟು ಕಾಲ ಓಡಾಡಿತೆಂದು ಹೇಳಬಹುದು ಎಂಬುದು ಅವರ ವಾದ. ಅದನ್ನು ಪರೀಕ್ಷಿಸಲು ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೂ ತೂಗಿ ನೋಡಿದರು. ಹಿಂಬದಿಯ ಸಣ್ಣ ಗುರುತುಗಳು ವ್ಯಾಪಾರಿಗಳು ಆಗಾಗ ಪರೀಕ್ಷಿಸಿ ಒತ್ತಿದವು ಎಂದರು. ಅಂದರೆ ಟಿಕ್ ಮಾರ್ಕು! ನಮ್ಮ ಆಫೀಸಿನಲ್ಲಿ ಒಂದು ವರ್ಷ ಹಸಿರು ಪೆನ್ಸಿಲ್ಲು, ಮರುವರ್ಷ ನೇರಳೆ. ಅಲ್ಲಿ ಬೆಳ್ಳಿಯ ಮೇಲೆ ಉಳಿಪೆಟ್ಟು. ಅದೇ ಮನುಷ್ಯ 1944ರಲ್ಲಿ ಜೀನುಗಳ ನಡುವಿನ ದೂರ ಅಳೆಯುವ ಸೂತ್ರ ಕೊಟ್ಟರು. ಅದು ತಳಿವಿಜ್ಞಾನದಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇದೆ. ಇದರಿಂದ ನನ್ನ ಪ್ರಬಂಧಕ್ಕೆ ಒಂದು ಅಡಿಟಿಪ್ಪಣಿಗಿಂತ ಹೆಚ್ಚೇನೂ ಬರಲಿಲ್ಲ. ಆದರೆ ಆಡಿಟ್‌ನವಳು ರಕ್ತದ ಗುಂಪಿನ ಲೆಕ್ಕ ಹಿಡಿದದ್ದನ್ನು ಕಂಡು ನಕ್ಕವರ ಮುಂದೆ ಧೈರ್ಯವಾಗಿ ನಿಲ್ಲುವಂತಾದದ್ದು ಆ ಸಂಜೆಯಿಂದ. ಆಮೇಲೆ ಅವರು ಕೋಸಂಬಿಯವರ ಲೇಖನಗಳ ಜೆರಾಕ್ಸ್ ಕಟ್ಟನ್ನು ಡೆಕ್ಕನ್ ಕ್ವೀನ್‌ನಲ್ಲಿ ಬರುವ ಒಬ್ಬರ ಕೈಯಲ್ಲಿ ದಾದರಿಗೆ ಕಳಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನಾಣ್ಯದ ಸರ್, ನಿಮ್ಮ ಕಟ್ಟು ವಾಪಸ್ ಬರುತ್ತಿದೆ.

ತಂಗಿಯ ಮಗ ಪುಣೆಯಲ್ಲಿ ಫಿಸಿಕ್ಸ್ ಓದುತ್ತಿದ್ದಾನೆ. ನನ್ನ ಎಕ್ಸೆಲ್ ಶೀಟುಗಳನ್ನು ನೋಡಿ ಅತ್ತುಬಿಡುವವನ ಹಾಗೆ ಮುಖ ಮಾಡಿ, ಎಲ್ಲವನ್ನೂ ಪ್ರೋಗ್ರಾಮಿಗೆ ಇಳಿಸಿಕೊಟ್ಟ. ಬೆನ್‌ಫರ್ಡ್ ನಿಯಮ ಹಾಕು ಅಂತ ಎಲ್ಲರೂ ನನಗೆ ಹೇಳುತ್ತಿದ್ದರು. ಮೊದಲ ಅಂಕಿ 1 ಆಗಿರುವ ಸಂಖ್ಯೆಗಳು ನೂರಕ್ಕೆ 30ರಷ್ಟು, 9 ಆಗಿರುವವು 5ಕ್ಕೂ ಕಮ್ಮಿ ಇರುತ್ತವೆ, ಹಾಗಿಲ್ಲದಿದ್ದರೆ ಸಂಶಯಪಡಿ ಎನ್ನುವ ಲೆಕ್ಕ ಅದು. "ದೊಡ್ಡಮ್ಮ, ಜನ ದಿನಾ ಐವತ್ತು, ನೂರು ಅಂತ ಗೊತ್ತುಮಾಡಿ ಕಟ್ತಾರೆ. ಅಲ್ಲಿ ಆ ನಿಯಮ ಹೇಗೆ ನಿಲ್ತದೆ?" ಎಂದ. ಸರಿಯೇ. ಒಂದು ಅಧ್ಯಾಯದ ಶ್ರಮ ಉಳಿಸಿದ ಹುಡುಗ.

ಪುಸ್ತಕ ತೆರೆದು ತೋರಿಸಿದ ಸಂಘಗಳ ಕಾರ್ಯದರ್ಶಿಗಳಿಗೆ ದೊಡ್ಡ ನಮಸ್ಕಾರ. ಹೆಸರು ಹಾಕುವುದಿಲ್ಲ ಎಂಬ ಮಾತಿನ ಮೇಲೆ ತೋರಿಸಿದ್ದೀರಿ, ಹಾಕಿಲ್ಲ. ಬಾಗಿಲಿನಿಂದಲೇ ಕಳಿಸಿದವರ ಮೇಲೂ ಸಿಟ್ಟಿಲ್ಲ. ನಾನು ಆ ಕುರ್ಚಿಯಲ್ಲಿದ್ದರೆ ನಾನೂ ಕಳಿಸುತ್ತಿದ್ದೆ. ಕೋವಿಡ್ ಕಾಲದಲ್ಲಿ ಎಲ್ಲ ಮುಚ್ಚಿದ್ದಾಗ ಕೆಲವರು ರಸೀದಿಗಳ ಫೋಟೋ ತೆಗೆದು ಕಳಿಸಿದರು. ಅಲುಗಾಡಿದ ಫೋಟೋಗಳು, ಆದರೂ ಕೆಲಸ ನಡೆಯಿತು.

ಡೊಂಬಿವಲಿ ಫಾಸ್ಟ್‌ನ ಲೇಡೀಸ್ ಡಬ್ಬಿಯ ಗೆಳತಿಯರೇ, ಕಾಗದ ಹರಡಿಕೊಳ್ಳಲು ನೀವು ಕಿಟಕಿ ಸೀಟು ಬಿಟ್ಟುಕೊಟ್ಟದ್ದು ಈ ಲೋಕಲ್ ಹತ್ತಿದವರಿಗೆ ಮಾತ್ರ ಗೊತ್ತಾಗುವ ತ್ಯಾಗ. ಅತ್ತೆಯವರು ಹುಷಾರಿಲ್ಲದ ವರ್ಷ ಕೆಲಸ ಬಿಟ್ಟೇಬಿಡುತ್ತೇನೆ ಎಂದಾಗ ಅತ್ತೆಯೇ ಬೈದರು. ಅವರ ಬೈಗುಳ ತುಳುವಿನಲ್ಲಿತ್ತು, ಇಲ್ಲಿ ಬರೆಯುವಂಥದ್ದಲ್ಲ. ಗಂಡ ಈಗ ಅಡುಗೆಯಲ್ಲಿ ಗಂಜಿ ಚಟ್ನಿಯಿಂದ ಸಾಂಬಾರಿನವರೆಗೆ ಬಂದಿದ್ದಾರೆ.

ಕೊನೆಗೊಬ್ಬರು ಉಳಿದಿದ್ದಾರೆ, ಅವರ ವಿಳಾಸ ನನ್ನ ಹತ್ತಿರವಿಲ್ಲ. ಘಾಟ್ಕೋಪರ್ ಕಡೆಯ ಒಬ್ಬ ಹಿರಿಯ ಪಿಗ್ಮಿ ಕಲೆಕ್ಟರ್, ಕುಂದಾಪುರದವರು. ತಮ್ಮ ಸಂಜೆಯ ಸುತ್ತಿನಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಯಾವ ಅಂಗಡಿಯವರು ಇವತ್ತು ಇಲ್ಲ, ನಾಳೆ ಎರಡು ದಿನದ್ದು ಕೊಡುತ್ತೇನೆ ಅನ್ನುತ್ತಾರೆ, ಅದು ಪುಸ್ತಕದಲ್ಲಿ ಯಾವ ತಾರೀಕಿಗೆ ಕೂತುಕೊಳ್ಳುತ್ತದೆ, ಮಳೆಗಾಲದಲ್ಲಿ ಸುತ್ತು ತಪ್ಪಿದರೆ ರಸೀದಿ ಹೇಗೆ ಹಿಂದುಮುಂದಾಗುತ್ತದೆ ಅಂತ ನಡೆಯುತ್ತಲೇ ತೋರಿಸಿದರು. ತಪ್ಪು ಎಂದು ನಾನು ಎಣಿಸಿದ್ದ ಎಷ್ಟೋ ವ್ಯತ್ಯಾಸಗಳಲ್ಲಿ ಒಂದು ಪೈಸೆಯೂ ಕಾಣೆಯಾಗಿರಲಿಲ್ಲ, ತಾರೀಕು ಮಾತ್ರ ಸರಿದಿತ್ತು. ಐದನೇ ಅಧ್ಯಾಯ ಪೂರ್ತಿ ಅದೇ. ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದಾರೆಂದು ಸಂಘದಲ್ಲಿ ಹೇಳಿದರು, ಫೋನ್ ನಂಬರ್ ಬದಲಾಗಿದೆ. ಕುಂದಾಪುರ, ಬೈಂದೂರು ಕಡೆಯವರು ಯಾರಾದರೂ ಇದನ್ನು ಓದಿ ಅವರು ಇವರೇ ಅಂತ ಗುರುತು ಹಿಡಿದರೆ, ಅವರನ್ನೇ ಕೇಳಿ ನನಗೆ ತಿಳಿಸಿ. ಬೈಂಡ್ ಮಾಡಿಸಿದ ಒಂದು ಪ್ರತಿ ಅವರಿಗಾಗಿ ತೆಗೆದಿಟ್ಟಿದ್ದೇನೆ. ಮೇ ತಿಂಗಳಲ್ಲಿ ಊರಿಗೆ ಬರುವಾಗ ನಾನೇ ತಂದು ಕೊಡುತ್ತೇನೆ.