ಅಮ್ಮನನ್ನು ಕನ್ನಡದಲ್ಲೇ ಕೇಳಿ

ಮಾನ್ಯ ಸಂಪಾದಕರೇ,

ದೊಡ್ಡವರಲ್ಲೂ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇರುತ್ತದೆ ಅನ್ನುವ ಮಾತು ಈಗ ಮುಂಬೈಯ ಆಫೀಸುಗಳಲ್ಲಿ ಜಾಸ್ತಿ ಕೇಳಿಬರುತ್ತಿದೆ. ಅದು ಇದೆಯೋ ಇಲ್ಲವೋ ಅಂತ ನೋಡುವುದು ಹೇಗೆ ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಎರಡು ಕಡೆ ತೋರಿಸಿಕೊಂಡವಳು, ಅದಕ್ಕೇ ಈ ಪತ್ರ.

ಮೊದಲು ಹೋದ ಕಡೆ ಆರು ಪ್ರಶ್ನೆಗಳ ಒಂದು ಇಂಗ್ಲಿಷ್ ಫಾರಂ ಕೊಟ್ಟರು. ಟಿಕ್ ಹಾಕಿದೆ. 20 ನಿಮಿಷದಲ್ಲಿ 'ನಿಮಗೆ ಎಡಿಎಚ್‌ಡಿ' ಅಂದುಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಆ ಫಾರಂ ಬರೀ ಜರಡಿಯಂತೆ, ಮುಂದೆ ಪರೀಕ್ಷೆ ಬೇಕಾ ಅಂತ ನೋಡುವುದಕ್ಕೆ ಅಷ್ಟೇ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಆ ಒಂದು ವಾರ ನಿದ್ದೆ ಬರಲಿಲ್ಲ.

ಎರಡನೆಯದು ದಾದರ್‌ನಲ್ಲಿ. ಡೊಂಬಿವಲಿಯಿಂದ ಮೂರು ಸಲ ಹೋಗಿಬಂದೆ. ಆ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲು ಕೇಳಿದ್ದು ನಿದ್ದೆ, ಥೈರಾಯ್ಡ್, ಮನಸ್ಸಿನ ದುಗುಡ, ಇವನ್ನೇ. ಇವು ಕೆಟ್ಟರೂ ಗಮನ ನಿಲ್ಲುವುದಿಲ್ಲ, ಅಲ್ವಾ? ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಎಡಿಎಚ್‌ಡಿ ಪತ್ತೆ ಆಗುವುದಿಲ್ಲ, ಮಾತಾಡಿಸಿ, ಹಳೆಯದನ್ನು ಕೆದಕಿಯೇ ತಿಳಿಯಬೇಕು ಅಂದರು. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷದ ಒಳಗೇ ಕಾಣಿಸಿರಬೇಕು, ಅದಕ್ಕೂ ಮೊದಲು ಈ ಗಡಿ 7 ವರ್ಷ ಇತ್ತು. ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ತೊಂದರೆ ಕಾಣಬೇಕು.

ಹಾಗಾದರೆ ನನ್ನ ಹನ್ನೆರಡರ ಒಳಗಿನ ಬದುಕು ಯಾರಿಗೆ ಗೊತ್ತು? ಕುಂದಾಪುರದ ಕಡೆ ಇರುವ ಅಮ್ಮನಿಗೆ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಸೈಕಾಲಜಿಸ್ಟ್ ಮರಾಠಿಯವರು. ನನ್ನ ಅತ್ತಿಗೆ ಫೋನಿನಲ್ಲಿ ನಡುವೆ ನಿಂತು ಮಾತು ದಾಟಿಸಿದರು. 'ಇವಳಿಗೆ ಚಿಕ್ಕಂದಿನಲ್ಲಿ ಮರೆವು ಇತ್ತಾ?' ಅಂದಾಗ ಅಮ್ಮ 'ಇಲ್ಲವೇ ಇಲ್ಲ, ಪದ್ಯ ಎಲ್ಲ ಬಾಯಿಪಾಠ' ಅಂದರು. ಆಮೇಲೆ ಅತ್ತಿಗೆ ಬೇರೆ ಥರ ಕೇಳಿದರು: 'ಕೊಡೆ, ಬುತ್ತಿ ಡಬ್ಬಿ ಶಾಲೆಯಲ್ಲೇ ಬಿಟ್ಟು ಬರುತ್ತಿದ್ದಳಾ?' ಅಷ್ಟು ಸಾಕಾಯ್ತು. ಒಂದೇ ಮಳೆಗಾಲದಲ್ಲಿ ಮೂರು ಕೊಡೆ ಹೋದದ್ದು, ಅರ್ಧ ಲೆಕ್ಕ ಬರೆದು ಕಿಟಕಿ ನೋಡುತ್ತ ಕೂತದ್ದು, ನೀರು ಕಾಯಿಸಲು ಹೇಳಿದರೆ ಹಂಡೆ ಒಲೆಯ ಮೇಲಿಟ್ಟು ಬೆಂಕಿ ಹಾಕದೇ ಹೋದದ್ದು, ಎಲ್ಲ ಒಂದರ ಹಿಂದೆ ಒಂದು ಬಂತು. ಕೊನೆಗೆ ಅಮ್ಮ 'ನಾನು ಸುಮ್ನೆ ಬೈದೆನಾ ಅವಳಿಗೆ?' ಅಂತ ಅತ್ತರು. ನನಗೂ ತಡೆಯಲಾಗಲಿಲ್ಲ.

ಗಲಾಟೆ ಮಾಡದ ಹುಡುಗಿಯರು ಹೀಗೇ ಯಾರ ಕಣ್ಣಿಗೂ ಬೀಳದೆ ದೊಡ್ಡವರಾಗಿಬಿಡುತ್ತಾರೆ.

ಓದುಗರಲ್ಲಿ ನನ್ನ ಮನವಿ ಇಷ್ಟು. ತೋರಿಸಿಕೊಳ್ಳಲು ಹೋಗುವ ಮೊದಲು ಊರಿನ ಪೆಟ್ಟಿಗೆಯಲ್ಲಿರುವ ಹಳೇ ಮಾರ್ಕ್ಸ್ ಕಾರ್ಡ್ ಹುಡುಕಿ. ಮಾಸ್ತರರು ಷರಾ ಬರೆದಿದ್ದರೆ ಅದು ಬಹಳ ಉಪಯೋಗ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ, ಕೇಳಲು ಸಂಕೋಚ ಬೇಡ. ಮಾತ್ರೆ ಬೇಕಾದರೆ ಅದನ್ನು ಬರೆದುಕೊಡುವವರು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು. ಮನಸ್ಸು ತುಂಬ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್ ಮತ್ತು ಇಲ್ಲಿನ ಬೇರೆ ಕನ್ನಡ ಸಂಘಗಳಲ್ಲಿ ಒಂದು ಮಾತು. ಮುಂಬೈ, ಠಾಣೆಯಲ್ಲಿ ಕನ್ನಡ ಬಲ್ಲ ಸೈಕಾಲಜಿಸ್ಟ್‌ಗಳು ಯಾರಿದ್ದಾರೆ ಅಂತ ಒಂದು ಪಟ್ಟಿ ಮಾಡಿ, ದಯವಿಟ್ಟು. ಫೋನ್ ಮಾಡಿ ವಿಚಾರಿಸುವ ಕೆಲಸಕ್ಕೆ ಭಾನುವಾರ ನಾನೂ ಅತ್ತಿಗೆಯೂ ಬರುತ್ತೇವೆ.

– ಓದುಗಿ, ಡೊಂಬಿವಲಿ