ಆವತ್ತು ಬ್ಯಾಂಕಿನಲ್ಲಿ ಪಕ್ಕದಲ್ಲಿ ಕೂತಿದ್ದ ಮೇಡಂಗೆ

ಹೋದ ವರ್ಷ ಮಳೆಗಾಲ. ಹಾಸನದ ಬಿ.ಎಂ. ರಸ್ತೆಯ ಬ್ಯಾಂಕೊಂದರಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಕ್ರೆಡಿಟ್ ಕಾರ್ಡ್ ಅರ್ಜಿ ಎರಡನೇ ಸಲವೂ ವಾಪಸ್ ಬಂದಿತ್ತು. ಕಾರಣ ಯಾರೂ ಹೇಳಲಿಲ್ಲ. "ಯಾಕಮ್ಮಾ, ಏನಾಯ್ತು?" ಅಂತ ಕೇಳಿದವರು ನೀವೊಬ್ಬರೇ.

ಸಾಲವನ್ನೇ ಮಾಡದವರಿಗೆ ಸಿಬಿಲ್ ಸ್ಕೋರೇ (ಸಾಲ ಸರಿಯಾಗಿ ತೀರಿಸ್ತಾರಾ ಅಂತ ಬ್ಯಾಂಕಿನವರು ನೋಡೋ ಅಂಕ) ಇರಲ್ಲ, ಅದು ನಿನ್ನ ತಪ್ಪಲ್ಲ ಅಂದಿರಿ. ಆ ಮಾತಿಗೇ ಅರ್ಧ ಭಾರ ಇಳಿಯಿತು. ದಾರ ಕಟ್ಟಿದ ಬ್ಯಾಂಕಿನ ಪೆನ್ನಿನಲ್ಲಿ ಚಲನ್ ಹಿಂದೆ ಬರೆದುಕೊಟ್ಟಿರಿ. ಎಫ್‌ಡಿ (ನಿಶ್ಚಿತ ಠೇವಣಿ) ಇಟ್ಟು ಅದರ ಮೇಲೆ ಕಾರ್ಡ್ ಕೇಳು. ಹಣ ಬ್ಯಾಂಕಿನವರ ಹತ್ತಿರವೇ ಇರುತ್ತೆ, ಹಾಗಾಗಿ ಕೊಡೋದು ಸುಲಭ. ನಿನಗೆ ಬಡ್ಡಿಯೂ ಬರುತ್ತೆ. ಸಿಕ್ಕಸಿಕ್ಕ ಕಡೆ ಅರ್ಜಿ ಹಾಕಬೇಡ, ಎಲ್ಲವೂ ಸಿಬಿಲ್ ರಿಪೋರ್ಟಿನಲ್ಲಿ ಕಾಣುತ್ತೆ. ಬಿಲ್ ಮಾತ್ರ ಪೂರ್ತಿ ಕಟ್ಟು, 'ಮಿನಿಮಮ್ ಡ್ಯೂ' ಅಂತ ಇರೋ ಕನಿಷ್ಠ ಮೊತ್ತ ಕಟ್ಟಿ ಸುಮ್ನಾಗಬೇಡ. 'ಪೂರ್ತಿ' ಕೆಳಗೆ ಎರಡು ಗೆರೆ ಎಳೆದಿದ್ದಿರಿ, ಕಾಗದ ಹರಿಯುವಷ್ಟು ಒತ್ತಿ.

25,000 ರೂಪಾಯಿ ಎಫ್‌ಡಿ ಇಟ್ಟೆ. 20,000ದ ಮಿತಿಯ ಕಾರ್ಡ್ ಬಂತು. ಗ್ಯಾಸು, ಅಮ್ಮನ ಮಾತ್ರೆ, ಅಷ್ಟಕ್ಕೇ ಬಳಸಿದೆ. ಒಂದು ಬಿಲ್ಲೂ ತಪ್ಪಿಸಿಲ್ಲ. ಈಗ ಸ್ಕೋರ್ 700 ದಾಟಿದೆ, ಮೇಡಂ!

ಆವತ್ತು ಅರಕಲಗೂಡು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೊರಟಿರಿ. ಹೆಸರು ಕೂಡ ಕೇಳಲಿಲ್ಲ ನಾನು. ತುಂಬಾ ಥ್ಯಾಂಕ್ಸ್. ಆ ಚಲನ್ ಇನ್ನೂ ನನ್ನ ಪಾಸ್‌ಬುಕ್ಕಿನೊಳಗೇ ಇದೆ.