ಕೀಲಿಕೈ ಅಲ್ಲಿನವರ ಕೈಯಲ್ಲೇ ಇರಲಿ

ಸಂಪಾದಕರೇ,

ಸರ್ಕಾರಿ ವಸತಿ ಸಮುಚ್ಚಯಗಳ ಮಕ್ಕಳಿಗೆ ಏನು ಬೇಕು ಅಂತ ಹೊರಗಿನವರೇ ತೀರ್ಮಾನಿಸುವುದು ಜಾಸ್ತಿ. ಅಲ್ಲೇ ಬದುಕುವವರನ್ನು ಮೊದಲು ಕೇಳಬೇಕಲ್ವಾ?

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಕೆನಿಲ್‌ವರ್ತ್-ಪಾರ್ಕ್‌ಸೈಡ್ ಎಂಬ ಸರ್ಕಾರಿ ವಸತಿ ಸಮುಚ್ಚಯ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿನ ನಿವಾಸಿ ಕಿಮಿ ಗ್ರೇ ಐದು ಮಕ್ಕಳ ತಾಯಿ. ಸರ್ಕಾರದ ನೆರವಿನಲ್ಲೇ ಸಂಸಾರ ತೂಗಿಸಿದವರು. ಕೆಲವು ಹುಡುಗರು ಬಂದು ಕಾಲೇಜಿಗೆ ಹೋಗಬೇಕು ಅಂದಾಗ ಅವರು ಸುಮ್ನೆ ಕೂರಲಿಲ್ಲ. 1974ರಲ್ಲಿ 'ಕಾಲೇಜೇ, ಇಗೋ ಬಂದೆವು' ಎಂಬ ಅರ್ಥದ ಹೆಸರಿಟ್ಟು ಕೆಲಸ ಶುರು ಮಾಡಿದರು. ಪಾಠ ಹೇಳಿಸಿದರು, ಅರ್ಜಿ ತುಂಬಿಸಿದರು, ವಿದ್ಯಾರ್ಥಿವೇತನ ಹುಡುಕಿಸಿದರು. ವರ್ಷಗಳಲ್ಲಿ ನೂರಾರು ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದರು. 1982ರಲ್ಲಿ ಸಮುಚ್ಚಯದ ಆಡಳಿತವೇ ನಿವಾಸಿಗಳ ಕೈಗೆ ಬಂತು.

ಜಾಗ ಇಲ್ಲದೆ ಮೆಟ್ಟಿಲ ಮೇಲೆ ಕೂತು ಓದುವ ಹುಡುಗಿ ಯಾರು, ಅವಳ ತಲೆ ಮೇಲಿನ ಬಲ್ಬ್ ಯಾವಾಗ ಕೆಟ್ಟಿತು ಅನ್ನೋದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಯಾವ ತಾಯಿ ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ, ಸಂಜೆ ಆ ಮಕ್ಕಳು ಎಲ್ಲಿರುತ್ತಾರೆ, ಅದೂ ಗೊತ್ತು.

ಶಾಲೆ, ಆಸ್ಪತ್ರೆ, ಸಂಘಸಂಸ್ಥೆಗಳ ಜೊತೆಗಾರಿಕೆ ಬೇಕೇ ಬೇಕು. ನಿವಾಸಿಗಳಿಂದಲೇ ಎಲ್ಲವೂ ಆಗದು. ಆದರೆ ಹಣ ಎಲ್ಲಿಗೆ ಹೋಗಬೇಕು ಎನ್ನುವ ಸಭೆಯಲ್ಲಿ ಅವರಿಗೆ ಮತ ಇರಲಿ, ಮಾಡುವ ಕೆಲಸಕ್ಕೆ ಸಂಬಳವಿರಲಿ. ಸಭೆ ಸಂಜೆ ನಡೆಯಲಿ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಯಾರಾದರೂ ಇರಲಿ.

– ಓರ್ವ ಓದುಗ